ಒಕಿನಾವಾ ಕರಾಟೆಯ ಕೈ ಹೊಡೆತ: ಮುಷ್ಟಿ ಕಟ್ಟುವುದರಿಂದ ಮಾಕಿವಾರದವರೆಗೆ

ಕ್ಲಾಸ್ ಮುಗಿದ ಮೇಲೆ ಯಾರಾದರೊಬ್ಬರು ಹತ್ತಿರ ಬಂದು ಕೈ ಮುಂದೆ ಚಾಚುತ್ತಾರೆ. "ಮಾಸ್ಟರ್, ಈ ಗೆಣ್ಣು ಗಟ್ಟಿಯಾಗ್ಬೇಕು ಅಂದ್ರೆ ಏನ್ ಮಾಡ್ಬೇಕು?" ಓದುಗರು ಕೇಳುವುದೂ ಇದನ್ನೇ. ಗೋಡೆಗೆ ಹೊಡೆಯಬಹುದಾ? ದಿನಕ್ಕೆ ಎಷ್ಟು ಸಲ? ಹಿತ್ತಲಲ್ಲಿ ಮಾಕಿವಾರ, ಅಂದರೆ ಹೊಡೆದು ಅಭ್ಯಾಸ ಮಾಡುವ ಹಲಗೆಯ ಕಂಬ, ನೆಡಬಹುದಾ? ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಗೆಣ್ಣಿನ ಮೇಲಿನ ದಪ್ಪ ಚರ್ಮ ಗುರಿಯೇ ಅಲ್ಲ. ಒಕಿನಾವಾದ ಹೊಡೆತ ಪಾದದಲ್ಲಿ ಹುಟ್ಟುತ್ತದೆ. ಸೊಂಟದಲ್ಲಿ ತಿರುಗುತ್ತದೆ. ಮಣಿಕಟ್ಟು ದಾಟಿ ಗೆಣ್ಣಿಗೆ ಬರುತ್ತದೆ. ಈ ದಾರಿಯಲ್ಲಿ ಎಲ್ಲಿ ಸಡಿಲವಿದೆಯೋ ಅಲ್ಲಿ ಬಲ ಸೋರಿಹೋಗುತ್ತದೆ, ನೋವೂ ಅಲ್ಲೇ ಬರುತ್ತದೆ. ಕೆಳಗಿನ ಹಂತಗಳೆಲ್ಲ ಈ ದಾರಿಯನ್ನು ಸರಿಮಾಡಿಕೊಳ್ಳುವುದಕ್ಕೆ.

ಸ್ವಲ್ಪ ಹಿನ್ನೆಲೆ

ಒಕಿನಾವಾ ಈಗ ಜಪಾನಿನ ದಕ್ಷಿಣದ ದ್ವೀಪ ಪ್ರಾಂತ್ಯ. 1879ರಲ್ಲಿ ಜಪಾನ್ ಅದನ್ನು ತನ್ನೊಳಗೆ ಸೇರಿಸಿಕೊಳ್ಳುವ ಮೊದಲು ಅದು ರ್ಯೂಕ್ಯೂ ಎಂಬ ಬೇರೆ ರಾಜ್ಯವಾಗಿತ್ತು. ಚೀನಾದ ಫೂಜಿಯಾನ್ ಕರಾವಳಿಯ ಜೊತೆ ಅದಕ್ಕೆ ಹಳೆಯ ನಂಟು. ರ್ಯೂಕ್ಯೂ ಜನ ತಮ್ಮ ಕಾಳಗದ ವಿದ್ಯೆಯನ್ನು ಸುಮ್ನೆ 'ತೀ' ಎಂದು ಕರೆಯುತ್ತಿದ್ದರು. ತೀ ಅಂದರೆ ಕೈ. ಶುರಿ, ನಾಹಾ, ತೊಮಾರಿ ಎಂಬ ಮೂರು ಊರುಗಳ ಹೆಸರಲ್ಲಿ ಮೂರು ಕವಲುಗಳು ಬೆಳೆದವು. 'ಚೀನಾದ ಕೈ' ಎಂಬ ಅರ್ಥದಲ್ಲಿ ಬರೆಯುತ್ತಿದ್ದ ಹೆಸರನ್ನು 'ಬರಿಗೈ' ಎಂಬ ಅರ್ಥದ ಕರಾಟೆಯಾಗಿ ಬರೆಯಬೇಕೆಂದು ಹಿರಿಯ ಗುರುಗಳು ನಾಹಾದಲ್ಲಿ ಕೂತು ಒಪ್ಪಿಕೊಂಡದ್ದು 1936ರ ಅಕ್ಟೋಬರ್ 25ರಂದು. ಒಕಿನಾವಾದಲ್ಲಿ ಈಗಲೂ ಆ ದಿನ ಕರಾಟೆ ದಿನ.

ನಿಮ್ಮ ಗುರುಗಳು ಯಾವ ಕವಲಿನವರು ಎಂದು ತಿಳಿದಿರಲಿ. ಶೋರಿನ್ ರ್ಯು ಶುರಿ ಕಡೆಯದು. ಗೋಜು ರ್ಯು ನಾಹಾ ಕಡೆಯದು. ಅದನ್ನು ಕಟ್ಟಿದವರು ಮಿಯಾಗಿ ಚೋಜುನ್ (1888–1953). ಉಎಚಿ ರ್ಯು ಎಂಬುದು ಉಎಚಿ ಕಾನ್ಬುನ್ ಚೀನಾದ ಫೂಜೌನಲ್ಲಿ ಕಲಿತು ತಂದದ್ದು. 'ರ್ಯು' ಅಂದರೆ ಶಾಲೆ, ಪರಂಪರೆ. ಮುಷ್ಟಿಯನ್ನು ಎಷ್ಟು ತಿರುಗಿಸಬೇಕು, ಯಾವ ಬೆರಳು ಎಲ್ಲಿರಬೇಕು ಎಂಬ ಸಣ್ಣ ವಿಷಯಗಳು ಇವುಗಳಲ್ಲಿ ಬೇರೆ ಬೇರೆ. ಒಂದರಲ್ಲಿ ಕಲಿಯುತ್ತಾ ಇನ್ನೊಂದರ ವಿಡಿಯೋ ನೋಡಿ ತಿದ್ದಿಕೊಳ್ಳಲು ಹೋದರೆ ಎರಡೂ ಕೆಡುತ್ತವೆ.

ಯಾರು ಕಾಯಬೇಕು, ಯಾರು ಬಿಡಬೇಕು

ಗಟ್ಟಿ ವಸ್ತುವಿಗೆ ಹೊಡೆಯುವ ಅಭ್ಯಾಸ ಮಕ್ಕಳಿಗೆ ಬೇಡ. ಬೆಳೆಯುವ ವಯಸ್ಸಿನಲ್ಲಿ ಮೂಳೆಯ ತುದಿಗಳು ಇನ್ನೂ ಮೆತ್ತಗಿರುತ್ತವೆ. ಅಲ್ಲಿ ಪೆಟ್ಟು ಬಿದ್ದರೆ ಬೆಳವಣಿಗೆಗೇ ತೊಂದರೆ. ನನ್ನ ಕ್ಲಾಸಿನಲ್ಲಿ 18 ತುಂಬದವರಿಗೆ ಮಾಕಿವಾರ ಇಲ್ಲ. ಎಷ್ಟೇ ಹಟ ಮಾಡಲಿ, ಇಲ್ಲ. ಗಾಳಿಯಲ್ಲಿ ಹೊಡೆತ, ಕಾತಾ (ಕ್ರಮವಾಗಿ ಕಟ್ಟಿದ ಚಲನೆಗಳ ಸರಣಿ), ಹಿಡಿತದ ಅಭ್ಯಾಸ ಇವು ಅವರಿಗೆ ಧಾರಾಳ ಸಾಕು.

ಸಕ್ಕರೆ ಕಾಯಿಲೆ ಇದ್ದರೆ, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ, ಬೆರಳ ಸಂಧಿಗಳಲ್ಲಿ ಬಾವು ಇದ್ದರೆ ಡಾಕ್ಟರನ್ನು ಕೇಳದೆ 6ನೇ ಹಂತಕ್ಕೆ ಹೋಗಬೇಡಿ. ವೀಣೆ, ತಬಲಾ, ಮೃದಂಗ ನುಡಿಸುವವರು ಕೂಡ ಯೋಚಿಸಿ. ಬೆರಳೇ ನಿಮ್ಮ ವಿದ್ಯೆಯಾದರೆ ಅದನ್ನು ಮರಕ್ಕೆ ಒಡ್ಡುವುದು ಬೇಡ ಎಂದೇ ನಾನು ಹೇಳುತ್ತೇನೆ.

ಹಂತ 1: ಕಂಬಕ್ಕಿಂತ ಮೊದಲು ಗುರು

ನಿಮ್ಮ ಮಣಿಕಟ್ಟು ಬಾಗಿದ್ದು ನಿಮಗೆ ಕಾಣುವುದಿಲ್ಲ. ಇನ್ನೊಬ್ಬರ ಕಣ್ಣಿಗೇ ಕಾಣಬೇಕು. ಹಾಗಾಗಿ ಪುಸ್ತಕ, ವಿಡಿಯೋ, ಈ ಲೇಖನ ಯಾವುದೂ ಗುರುವಿನ ಬದಲಿಗೆ ಬರುವುದಿಲ್ಲ. ಸೇರುವ ಮುಂಚೆ ಒಂದೆರಡು ಕ್ಲಾಸ್ ಕೂತು ನೋಡಿ. ಅವರು ಯಾರಲ್ಲಿ ಕಲಿತರು ಎಂದು ಕೇಳಿದರೆ ನೇರ ಉತ್ತರ ಬರಬೇಕು. ಒಬ್ಬೊಬ್ಬರ ಕೈ ಮುಟ್ಟಿ ತಿದ್ದುತ್ತಾರಾ? ಅಥವಾ ಮುಂದೆ ನಿಂತು ಎಣಿಸುತ್ತಾರಷ್ಟೇನಾ? ಪ್ರದರ್ಶನಕ್ಕೆಂದು ಮಕ್ಕಳ ಕೈಯಲ್ಲಿ ಹೆಂಚು ಒಡೆಸುವ ಕಡೆ ನಿಮ್ಮ ಮಕ್ಕಳನ್ನು ಬಿಡಬೇಡಿ.

ಹಂತ 2: ಮುಷ್ಟಿ ಕಟ್ಟುವುದು

ಇದನ್ನು 'ಸೇಕೆನ್' ಅನ್ನುತ್ತಾರೆ, ಅಂದರೆ ಸರಿಯಾದ ಮುಷ್ಟಿ. ಎಲ್ಲರೂ ಇದನ್ನು ಒಂದೇ ದಿನದಲ್ಲಿ ಕಲಿತೆವು ಅಂದುಕೊಳ್ಳುತ್ತಾರೆ. ಹತ್ತು ವರ್ಷ ಅಭ್ಯಾಸ ಮಾಡಿದವರ ಮುಷ್ಟಿಯನ್ನೂ ನಾನು ಬಿಚ್ಚಿ ಮತ್ತೆ ಕಟ್ಟಿಸಿದ್ದೇನೆ. ನಿಧಾನವಾಗಿ ಮಾಡಿ ನೋಡಿ.

ಅಂಗೈ ಚಾಚಿ, ಬೆರಳು ಒಟ್ಟಿಗೆ ಇಡಿ. ನಾಲ್ಕು ಬೆರಳನ್ನೂ ನಡುವಿನ ಗೆಣ್ಣಿನಲ್ಲಿ ಮಡಚಿ. ಆಮೇಲೆ ತುದಿಗಳನ್ನು ಅಂಗೈಯೊಳಗೆ ಸುರುಳಿ ಸುತ್ತಿದ ಹಾಗೆ ಒತ್ತಿ. ಕಿರುಬೆರಳಿನ ಕಡೆ ಸಡಿಲ ಇರಬಾರದು. ಕೊನೆಗೆ ಹೆಬ್ಬೆರಳನ್ನು ತೋರುಬೆರಳು, ನಡುಬೆರಳಿನ ಮೇಲೆ ಅಡ್ಡಲಾಗಿ ಬಿಗಿಯಾಗಿ ಇಡಿ. ಹೆಬ್ಬೆರಳು ಯಾವತ್ತೂ ಮುಷ್ಟಿಯ ಒಳಗೆ ಹೋಗಬಾರದು. ಹೋದರೆ ಮೊದಲ ಹೊಡೆತಕ್ಕೇ ಮುರಿಯಬಹುದು. ಮುಷ್ಟಿಯ ಮುಂಭಾಗಕ್ಕಿಂತ ಹೊರಗೆ ಚಾಚಿಕೊಂಡೂ ಇರಬಾರದು.

ಶೋರಿನ್ ರ್ಯುವಿನ ಕೆಲವು ಕಡೆ ತೋರುಬೆರಳನ್ನು ಪೂರ್ತಿ ಸುತ್ತುವುದಿಲ್ಲ. ಅದರ ತುದಿಯನ್ನು ಹೆಬ್ಬೆರಳ ಬುಡಕ್ಕೆ ಚಪ್ಪಟೆಯಾಗಿ ಒತ್ತಿ, ಮೇಲೆ ಹೆಬ್ಬೆರಳಿನಿಂದ ಹಿಡಿಯುತ್ತಾರೆ. ಇದು ಹಳೆಯ ಕ್ರಮ. ಇಸ್ಶಿನ್ ರ್ಯು ಎಂಬ ಇನ್ನೊಂದು ಒಕಿನಾವಾ ಪರಂಪರೆಯಲ್ಲಿ ಮುಷ್ಟಿಯನ್ನು ತಿರುಗಿಸದೆ ನಿಲ್ಲಿಸಿಯೇ ಹೊಡೆಯುತ್ತಾರೆ, ಹೆಬ್ಬೆರಳು ಮುಷ್ಟಿಯ ಮೇಲಿರುತ್ತದೆ. ನಿಮ್ಮ ಗುರುಗಳು ಕಲಿಸಿದ ರೀತಿಯಲ್ಲೇ ಇರಿ.

ಈಗ ಮುಖ್ಯ ವಿಷಯ. ತಾಗಬೇಕಾದದ್ದು ತೋರುಬೆರಳು ಮತ್ತು ನಡುಬೆರಳಿನ ದೊಡ್ಡ ಗೆಣ್ಣು, ಎರಡೇ. ಮುಂಗೈ ಮೂಳೆಗಳ ನೇರಕ್ಕೆ ಇರುವುದು ಇವೇ. ಉಂಗುರ ಬೆರಳು, ಕಿರುಬೆರಳಿನ ಹಿಂದಿನ ಮೂಳೆಗಳು ತೆಳ್ಳಗೆ ಇವೆ, ಅಲುಗಾಡುತ್ತವೆ. ಸಿಟ್ಟಿನಲ್ಲಿ ಗೋಡೆಗೋ ಬಾಗಿಲಿಗೋ ಗುದ್ದಿದವರಿಗೆ ಮುರಿಯುವುದು ಸಾಮಾನ್ಯವಾಗಿ ಕಿರುಬೆರಳ ಗೆಣ್ಣಿನ ಹಿಂದಿನ ಮೂಳೆ. ಡಾಕ್ಟರುಗಳು ಅದನ್ನು ಬಾಕ್ಸರ್ ಫ್ರಾಕ್ಚರ್ ಅನ್ನುತ್ತಾರೆ. ಸರಿಯಾಗಿ ಕಲಿತ ಬಾಕ್ಸರಿಗಿಂತ ಕಲಿಯದವರಿಗೇ ಅದು ಜಾಸ್ತಿ ಆಗುವುದು.

ಪರೀಕ್ಷೆ ಹೀಗೆ ಮಾಡಿ. ಗೋಡೆಯ ಮುಂದೆ ಒಂದು ತೋಳಿನಷ್ಟು ದೂರ ನಿಲ್ಲಿ. ಮುಷ್ಟಿಯನ್ನು ಗೋಡೆಗೆ ಆನಿಸಿ, ಹೊಡೆಯಬೇಡಿ. ಎರಡು ಗೆಣ್ಣು ಮಾತ್ರ ತಾಗಿರಲಿ. ಈಗ ಮೈಭಾರವನ್ನು ಮೆಲ್ಲಗೆ ಮುಂದಕ್ಕೆ ಬಿಡಿ. ಮಣಿಕಟ್ಟು ಮೇಲಕ್ಕೋ ಕೆಳಕ್ಕೋ ಪಕ್ಕಕ್ಕೋ ಬಾಗಿದರೆ ಅದೇ ನಿಮ್ಮ ತಪ್ಪು. ಮುಂಗೈಯ ಮೇಲ್ಭಾಗ ಮತ್ತು ಕೈಯ ಹಿಂಭಾಗ ಒಂದೇ ಸಮ ಇರಬೇಕು. ಅಡ್ಡ ಒಂದು ಅಡಿಪಟ್ಟಿ ಇಟ್ಟು ನೋಡಿದರೆ ಸಂದು ಕಾಣಬಾರದು. ದಿನಾ ಎರಡು ನಿಮಿಷ ಇದನ್ನು ಮಾಡಿದರೆ ಒಂದು ತಿಂಗಳಲ್ಲಿ ಮಣಿಕಟ್ಟಿಗೆ ತನ್ನ ಜಾಗ ಗೊತ್ತಾಗುತ್ತದೆ. ಆಮೇಲೆ ಮಡಚಿದ ಟವೆಲ್ ಮೇಲೆ ಮುಷ್ಟಿಯೂರಿ, ಮೊಣಕಾಲೂರಿ ದಂಡ ಶುರು ಮಾಡಿ. ನೆಲಕ್ಕೆ ಬರಿಗೆಣ್ಣು ಊರುವ ಅವಸರ ಬೇಡ.

ಹಂತ 3: ನಿಲ್ಲುವುದು, ಗಾಳಿಯಲ್ಲಿ ಹೊಡೆಯುವುದು

ಗೋಜು ಮತ್ತು ಉಎಚಿ ಕಡೆ ಮೊದಲು ಕಲಿಸುವುದು 'ಸಾಂಚಿನ್' ಎಂಬ ಕಾತಾ. ಶುರಿ ಕಡೆ 'ನೈಹಾಂಚಿ'. ಎರಡರಲ್ಲೂ ಓಡಾಟ ಕಡಿಮೆ. ನಿಂತಲ್ಲೇ ನೆಲವನ್ನು ಹಿಡಿಯುವುದನ್ನು ಕಲಿಸುತ್ತವೆ.

ಸಾಂಚಿನ್ ನಿಲುವು ಹೀಗಿರಲಿ. ಭುಜದಷ್ಟು ಅಗಲಕ್ಕೆ ಪಾದಗಳು. ಮುಂದಿನ ಪಾದದ ಹಿಮ್ಮಡಿಯ ಸಾಲಿಗೆ ಹಿಂದಿನ ಪಾದದ ಬೆರಳುಗಳು ಬರಬೇಕು. ಮುಂದಿನ ಪಾದ ಸ್ವಲ್ಪ ಒಳಕ್ಕೆ ತಿರುಗಿರಲಿ. ಮೊಣಕಾಲು ಕೊಂಚ ಬಾಗಿರಲಿ. ಸೊಂಟದ ಕೆಳಭಾಗವನ್ನು ಮುಂದಕ್ಕೆ ಮೇಲೆತ್ತಿ ಬೆನ್ನಿನ ಕುಳಿ ತುಂಬಿಕೊಳ್ಳುವ ಹಾಗೆ ಮಾಡಿ. ಕಾಲ್ಬೆರಳು ನೆಲವನ್ನು ಹಿಡಿಯಲಿ.

ಈ ನಿಲುವಿನಲ್ಲಿ ಮುಷ್ಟಿಯನ್ನು ಪಕ್ಕೆಯ ಬಳಿ ಅಂಗೈ ಮೇಲಾಗಿ ಇಟ್ಟುಕೊಳ್ಳಿ. ಮೊಣಕೈ ಪಕ್ಕೆಗೆ ಉಜ್ಜಿಕೊಂಡೇ ಮುಂದೆ ಹೋಗಲಿ. ಅರ್ಧ ದಾರಿ ದಾಟುವವರೆಗೂ ಮೊಣಕೈ ಕೆಳಮುಖವಾಗಿಯೇ ಇರಬೇಕು. ಮುಷ್ಟಿಯ ತಿರುವು ಕೊನೆಯಲ್ಲಿ ಮಾತ್ರ. ಬೇಗ ತಿರುಗಿಸಿದರೆ ಮೊಣಕೈ ಹೊರಗೆ ಹಾರುತ್ತದೆ, ಹೊಡೆತ ಅಡ್ಡ ಬೀಸಿದಂತಾಗುತ್ತದೆ.

ಇಲ್ಲಿ ಎರಡು ಒಕಿನಾವಾ ಮಾತು ಬರುತ್ತವೆ. 'ಗಮಾಕು' ಅಂದರೆ ಪಕ್ಕೆಲುಬಿನ ಕೆಳಗೆ, ಸೊಂಟದ ಮೇಲೆ ಇರುವ ನಡು. ಅದನ್ನು ಬಿಗಿಹಿಡಿದು ತಿರುಗಿಸಿದಾಗಲೇ ಕಾಲಿನ ಬಲ ತೋಳಿಗೆ ಬರುವುದು. 'ಚಿಂಕುಚಿ' ಅಂದರೆ ಹೊಡೆತ ತಾಗುವ ಕ್ಷಣದಲ್ಲಿ ಬೆನ್ನು, ಕಂಕುಳು, ತೋಳಿನ ಸಂಧಿಗಳೆಲ್ಲ ಒಟ್ಟಿಗೆ ಬಿಗಿಯಾಗುವುದು. ಕ್ಷಣ ಮಾತ್ರ. ಆಮೇಲೆ ಮತ್ತೆ ಸಡಿಲ. ಶುರುವಿನಿಂದ ಕೊನೆಯವರೆಗೂ ಬಿಗಿಹಿಡಿದು ಹೊಡೆಯುವವರೇ ನನ್ನ ಹತ್ತಿರ ಜಾಸ್ತಿ ಬರುತ್ತಾರೆ. ಬಿಗಿದ ತೋಳು ನಿಧಾನವಾಗುತ್ತದೆ, ಹೊಡೆತ ಅರ್ಧಕ್ಕೇ ನಿಂತ ಹಾಗಾಗುತ್ತದೆ.

ಕಂಕುಳು ಬಿಗಿಯಾಗಿದೆಯಾ ಎಂದು ನೋಡಲು ಜೊತೆಗಾರರಿಗೆ ನಿಮ್ಮ ಭುಜದ ಮೇಲೆ ಕೈ ಇಡಲು ಹೇಳಿ. ಹೊಡೆಯುವಾಗ ಭುಜ ಅವರ ಕೈಯನ್ನು ಮೇಲೆತ್ತಿದರೆ ತಪ್ಪು. ಭುಜ ಏರಿತು ಅಂದರೆ ಬಲ ಕತ್ತಿನಲ್ಲೇ ಉಳಿಯಿತು.

ಈ ಹಂತಕ್ಕೆ ಕನಿಷ್ಠ ಮೂರು ತಿಂಗಳು ಕೊಡಿ. ದಿನಾ 50 ನಿಧಾನದ ಹೊಡೆತ, 50 ವೇಗದ್ದು. ಗಾಳಿಯಲ್ಲಿ ವೇಗವಾಗಿ ಹೊಡೆಯುವಾಗ ಮೊಣಕೈಯನ್ನು ಪೂರ್ತಿ ಜಾಡಿಸಬೇಡಿ, ಒಂದಿಷ್ಟು ಬಾಗು ಉಳಿಸಿ. ಗುರಿಯಿಲ್ಲದ ಜಾಡಿಕೆಯಿಂದ ಮೊಣಕೈ ಸಂಧಿ ಸವೆದು ನೋಯಿಸಿಕೊಂಡವರು ಬಹಳ ಜನ.

ಹಂತ 4: ಹಿಂದಕ್ಕೆ ಎಳೆಯುವ ಕೈ

ಒಂದು ಕೈ ಹೋಗುವಾಗ ಇನ್ನೊಂದು ಹಿಂದೆ ಬರುತ್ತದೆ, ಅಲ್ವಾ? ಅದು 'ಹಿಕಿತೆ'. ಸುಮ್ನೆ ಚೆಂದಕ್ಕೆ ಇರುವುದಲ್ಲ. ಎದುರಾಳಿಯ ತೋಳನ್ನೋ ಬಟ್ಟೆಯನ್ನೋ ಹಿಡಿದು ಎಳೆಯುವ ಕೈ ಅದು. ಹಾಗೆಂದುಕೊಂಡೇ ಅಭ್ಯಾಸ ಮಾಡಿ. ಬೆರಳು ಏನನ್ನೋ ಹಿಡಿದಂತೆ ಮಡಚಲಿ, ಮಣಿಕಟ್ಟು ತಿರುಗಲಿ. ಗೋಜು ಕಡೆ ಆ ಮುಷ್ಟಿ ಎದೆಯ ಪಕ್ಕದವರೆಗೆ ಏರುತ್ತದೆ, ಶೋರಿನ್ ಕಡೆ ಅದಕ್ಕಿಂತ ಕೆಳಗೆ ನಿಲ್ಲುತ್ತದೆ.

ಹಂತ 5: ಹಿಡಿತ

ಬೆರಳಿಗೆ ಬಲವಿಲ್ಲದಿದ್ದರೆ ಮುಷ್ಟಿ ತಾಗಿದ ಕೂಡಲೇ ಬಿಚ್ಚಿಕೊಳ್ಳುತ್ತದೆ. ಅದಕ್ಕೇ ಒಕಿನಾವಾದಲ್ಲಿ 'ಹೋಜೊ ಉಂಡೊ' ಎಂಬ ಪೂರಕ ಅಭ್ಯಾಸಗಳಿವೆ. 'ಚಿ ಇಶಿ' ಅಂದರೆ ಕೋಲಿನ ತುದಿಗೆ ಕಲ್ಲು ಕೂರಿಸಿದ ಸಾಧನ. ನಮ್ಮ ಗರಡಿಮನೆಯ ಗದೆಯನ್ನು ಗಿಡ್ಡ ಮಾಡಿದ ಹಾಗಿರುತ್ತದೆ. ಗದೆ ತಿರುಗಿಸಿ ಗೊತ್ತಿರುವವರಿಗೆ ಇದು ಹೊಸದೇನಲ್ಲ.

'ನಿಗಿರಿ ಗಾಮೆ' ಅಂದರೆ ಬಾಯಿಯನ್ನು ಐದು ಬೆರಳಲ್ಲಿ ಹಿಡಿದು ಎತ್ತುವ ಮಡಕೆ. ಇದಕ್ಕೆ ನಮ್ಮ ಉಪ್ಪಿನಕಾಯಿ ಭರಣಿ ಹೇಳಿ ಮಾಡಿಸಿದಂತಿದೆ. ಅಂಗೈ ತುಂಬಿ ಹಿಡಿಯುವಷ್ಟು ಬಾಯಿ, ಅಂಚು ಇರುವ ಎರಡು ಭರಣಿ ಸಾಕು. ಮೊದಲು ಖಾಲಿ ಭರಣಿ. ಬೆರಳ ತುದಿಗಳಲ್ಲಿ ಅಂಚನ್ನು ಹಿಡಿದು, ತೋಳು ಕೆಳಗೆ ಬಿಟ್ಟು, ಸಾಂಚಿನ್ ನಡಿಗೆಯಲ್ಲಿ 10 ಹೆಜ್ಜೆ ಮುಂದೆ, 10 ಹಿಂದೆ. ಸುಲಭವಾದ ಮೇಲೆ ಒಂದೊಂದು ಹಿಡಿ ಮರಳು ಸೇರಿಸುತ್ತಾ ಹೋಗಿ. ಮಣ್ಣಿನ ಅಂಗಳದಲ್ಲಿ ಮಾಡಿ. ಟೈಲ್ಸ್ ಮೇಲೆ ಬಿದ್ದರೆ ಭರಣಿಯ ಚೂರು ಕಾಲಿಗೆ ಹಾರುತ್ತದೆ. ಸುರುಟಿದ ಒದ್ದೆ ಬಟ್ಟೆ ಹಿಂಡುವುದು ಕೂಡ ಒಳ್ಳೆಯ ಅಭ್ಯಾಸವೇ.

ಹಂತ 6: ಮಾಕಿವಾರ

'ಮಾಕಿ' ಅಂದರೆ ಸುತ್ತಿದ್ದು, 'ವಾರ' ಅಂದರೆ ಹುಲ್ಲು. ನೆಲದಲ್ಲಿ ನೆಟ್ಟ ಹಲಗೆ, ತುದಿಗೆ ಬತ್ತದ ಹುಲ್ಲಿನ ಹುರಿ. ಅಷ್ಟೇ. ಆದರೆ ಒಕಿನಾವಾದವರು ಇದನ್ನು ಬಹಳ ಗೌರವದಿಂದ ಕಾಣುತ್ತಾರೆ. ಕರಾಟೆಯನ್ನು ಅಲ್ಲಿನ ಶಾಲೆಗಳಿಗೆ ತಂದ ಇತೋಸು ಆಂಕೊ 1908ರಲ್ಲಿ ಬರೆದ ಹತ್ತು ಸೂತ್ರಗಳಲ್ಲಿ ಮಾಕಿವಾರದ ಮಾತಿದೆ. ಭುಜ ಇಳಿಸಿ, ಎದೆ ತೆರೆದು, ಪಾದದಿಂದ ನೆಲ ಹಿಡಿದು ದಿನಾ ಒಂದೊಂದು ಕೈಗೆ 100ರಿಂದ 200 ಸಲ ಹೊಡೆಯಿರಿ ಎಂದು ಅವರು ಹೇಳುತ್ತಾರೆ. ಎಲ್ಲರೂ 200 ಎಂಬ ಸಂಖ್ಯೆಯನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. ಅದಕ್ಕಿಂತ ಮೊದಲು ಅವರು ಭುಜ, ಎದೆ, ಪಾದದ ಮಾತು ಆಡಿದ್ದನ್ನು ಮರೆಯುತ್ತಾರೆ.

ನಾನೂ ಮರೆತಿದ್ದೆ. 19ನೇ ವಯಸ್ಸಿನಲ್ಲಿ ಯಾರಿಗೂ ಹೇಳದೆ ಮನೆಯ ಹಿಂದಿನ ಸಿಮೆಂಟ್ ಗೋಡೆಗೆ ಗೋಣಿಚೀಲ ಕಟ್ಟಿ ದಿನಾ ಹೊಡೆದೆ. ಚರ್ಮ ದಪ್ಪವಾಯಿತು. ಮಣಿಕಟ್ಟು ಊದಿತು. ಏಳು ತಿಂಗಳು ಸ್ಕ್ರೂಡ್ರೈವರ್ ತಿರುಗಿಸಲು ಆಗುತ್ತಿರಲಿಲ್ಲ. ಗೋಡೆ ಬಾಗುವುದಿಲ್ಲ. ನೀವು ಕೊಟ್ಟದ್ದನ್ನೆಲ್ಲ ಅದು ನಿಮ್ಮ ಸಂಧಿಗೇ ವಾಪಸ್ ಕೊಡುತ್ತದೆ. ಮಾಕಿವಾರದ ಗುಣವೆಲ್ಲ ಅದು ಬಾಗುವುದರಲ್ಲೇ ಇದೆ.

*ಮಾಡಿಕೊಳ್ಳುವುದು.* ಏಳು ಅಡಿ ಉದ್ದ, ನಾಲ್ಕು ಇಂಚು ಅಗಲದ ಹಲಗೆ. ಬುಡದಲ್ಲಿ ಮೂರು ಇಂಚು ದಪ್ಪ, ತುದಿಗೆ ಬರುವಾಗ ಮುಕ್ಕಾಲು ಇಂಚು. ಹೀಗೆ ಇಳಿಜಾರಾಗಿ ತೆಳುವಾಗುವಂತೆ ಬಡಗಿಗೆ ಹೇಳಿ ಹೆರೆಸಿ. ಮರದ ಎಳೆ ಉದ್ದಕ್ಕೂ ನೇರವಾಗಿರಬೇಕು, ಗಂಟು ಇರಬಾರದು. ಗಂಟಿರುವ ಕಡೆ ಒಂದು ದಿನ ಸೀಳಿಕೊಳ್ಳುತ್ತದೆ. ಎರಡೂವರೆ ಅಡಿ ನೆಲದೊಳಗೆ ಹೋಗಲಿ. ಹೂಳುವ ಭಾಗಕ್ಕೆ ಟಾರು ಬಳಿದರೆ ಗೆದ್ದಲು ಹತ್ತುವುದು ತಡವಾಗುತ್ತದೆ. ಮಣ್ಣಿನೊಳಗೆ ಮುಂದೊಂದು, ಹಿಂದೊಂದು ಕಲ್ಲು ಆನಿಸಿ ದಮ್ಮಸು ಮಾಡಿ. ತುದಿ ನಿಮ್ಮ ಎದೆಯ ಮಟ್ಟಕ್ಕೆ ಬಂದರೆ ಸರಿ. ಅಂಗೈಯಿಂದ ತಳ್ಳಿದರೆ ತುದಿ ಎರಡು ಮೂರು ಇಂಚು ಹಿಂದೆ ಹೋಗಬೇಕು. ಹೋಗದಿದ್ದರೆ ಮತ್ತೆ ಹೆರೆಸಿ.

ಹುರಿಯ ವಿಷಯದಲ್ಲಿ ಎಚ್ಚರ. ತೆಂಗಿನ ನಾರಿನ ಹಗ್ಗ ಸುಲಭವಾಗಿ ಸಿಗುತ್ತದೆ ಎಂದು ಎಲ್ಲರೂ ಅದನ್ನೇ ಸುತ್ತುತ್ತಾರೆ. ಅದು ಚರ್ಮವನ್ನು ಉಜ್ಜಿ ಕೀಳುತ್ತದೆ. ಬತ್ತದ ಹುಲ್ಲೇ ಬೇಕು. ಕರಾವಳಿಯಲ್ಲಿ ಅಕ್ಕಿ ಮುಡಿ ಕಟ್ಟಲು ಬೈಹುಲ್ಲಿನ ಹುರಿ ಹೊಸೆಯುತ್ತಿದ್ದ ಹಿರಿಯರು ಇನ್ನೂ ಇದ್ದಾರೆ. ನಿಮಗೆ ಅಂಥವರ ಪರಿಚಯವಿದ್ದರೆ ಕೇಳಿ ಕಲಿಯಿರಿ. ಒಕಿನಾವಾದ ಮಾಕಿವಾರಕ್ಕೂ ನಮ್ಮ ಮುಡಿಗೂ ಬೇಕಾದ ಕೈಕೆಲಸ ಹೆಚ್ಚುಕಡಿಮೆ ಒಂದೇ. ಹುಲ್ಲು ಸಿಗದಿದ್ದರೆ ದಪ್ಪ ರಬ್ಬರ್ ಹಾಳೆಯ ಮೇಲೆ ಚರ್ಮ ಅಥವಾ ದಪ್ಪ ಕ್ಯಾನ್ವಾಸ್ ಬಟ್ಟೆ ಬಿಗಿದರೂ ಆಗುತ್ತದೆ.

ಫ್ಲಾಟಿನಲ್ಲಿ ಇರುವವರು ಗೋಡೆಗೆ ಬಿಗಿಯುವ ಪ್ಯಾಡ್ ತರುತ್ತೀರಿ. ಅದಕ್ಕೆ ಬಾಗು ಇಲ್ಲವೇ ಇಲ್ಲ ಅನ್ನಬಹುದು. ಮೆಲ್ಲಗೆ ಒತ್ತುವ ಅಭ್ಯಾಸಕ್ಕೆ ಮಾತ್ರ ಇಟ್ಟುಕೊಳ್ಳಿ. ಬಾಕ್ಸಿಂಗ್ ಚೀಲದ ತೊಂದರೆ ಬೇರೆ. ಮುಷ್ಟಿ ಒಳಗೆ ಹೂತುಹೋಗುವುದರಿಂದ ಯಾವ ಗೆಣ್ಣು ತಾಗಿತು ಎಂಬುದೇ ತಿಳಿಯುವುದಿಲ್ಲ. ಚೀಲ ಒಳ್ಳೆಯ ಸಾಧನವೇ, ಆದರೆ ತಿದ್ದುವುದಿಲ್ಲ.

*ಹೊಡೆಯುವುದು.* ಮೊದಲ ವಾರ ಹೊಡೆಯಲೇಬೇಡಿ. ಮುಷ್ಟಿಯನ್ನು ಹುರಿಗೆ ಆನಿಸಿ, ಹಿಂದಿನ ಹಿಮ್ಮಡಿಯಿಂದ ತಳ್ಳಿ ಹಲಗೆಯನ್ನು ಬಾಗಿಸಿ, ಐದು ಎಣಿಸುವವರೆಗೆ ಹಿಡಿಯಿರಿ. ಮರ ವಾಪಸ್ ತಳ್ಳುತ್ತದೆ. ಆ ತಳ್ಳು ಮೈಯೊಳಗೆ ಎಲ್ಲಿ ಹೋಗಿ ನಿಲ್ಲುತ್ತದೆ ಎಂದು ಗಮನಿಸಿ. ಮಣಿಕಟ್ಟಿನಲ್ಲಿ ನಿಂತರೆ ಮಣಿಕಟ್ಟು ಬಾಗಿದೆ. ಭುಜದಲ್ಲಿ ನಿಂತರೆ ಭುಜ ಏರಿದೆ. ಹಿಮ್ಮಡಿ ಎದ್ದರೆ ನಿಲುವು ಗಿಡ್ಡ. ಎಲ್ಲ ಸರಿಯಿದ್ದಾಗ ತಳ್ಳು ನೇರ ಹಿಂದಿನ ಪಾದಕ್ಕೆ ಇಳಿದು ನೆಲಕ್ಕೆ ಹೋಗುತ್ತದೆ. ಒಂದು ಸಲ ಆ ಅನುಭವ ಆದರೆ ಮತ್ತೆ ಮರೆಯುವುದಿಲ್ಲ. ನನಗೆ ಅದು ಆದದ್ದು ಆ ಗೋಡೆಯ ಕತೆಯೆಲ್ಲ ಮುಗಿದು ಎರಡು ವರ್ಷದ ಮೇಲೆ. ನಮ್ಮ ಗುರುಗಳು ಹಿಂದೆ ನಿಂತು ನನ್ನ ಸೊಂಟವನ್ನು ಎರಡು ಬೆರಳಷ್ಟು ಒಳಕ್ಕೆ ಒತ್ತಿದ್ದರು, ಅಷ್ಟೇ.

ಎರಡನೇ ವಾರದಿಂದ ಒಂದೊಂದು ಕೈಗೆ 15 ಹೊಡೆತ, ಮೂರನೇ ಒಂದು ಬಲದಲ್ಲಿ. ದಿನ ಬಿಟ್ಟು ದಿನ. ತಾಗಿದ ಮೇಲೆ ಮುಷ್ಟಿಯನ್ನು ಕೂಡಲೇ ಕಿತ್ತುಕೊಳ್ಳಬೇಡಿ. ಕ್ಷಣಕಾಲ ಅಲ್ಲೇ ಒತ್ತಿ ಹಿಡಿದು, ಆಮೇಲೆ ಬಿಡಿ. ತಿಂಗಳಿಗೆ 10ರಂತೆ ಸಂಖ್ಯೆ ಏರಿಸಿ. ಇತೋಸು ಹೇಳಿದ 100 ತಲುಪಲು ಒಂಬತ್ತು ತಿಂಗಳು ಹತ್ತಿರ ಬೇಕು. ಅವಸರ ಯಾಕೆ ಬೇಡ ಅಂದರೆ ಮೂಳೆ ಹೊರೆಗೆ ತಕ್ಕಂತೆ ತನ್ನನ್ನು ತಾನು ಕಟ್ಟಿಕೊಳ್ಳುತ್ತದೆ. 19ನೇ ಶತಮಾನದ ಜರ್ಮನ್ ವೈದ್ಯ ಯೂಲಿಯುಸ್ ವೋಲ್ಫ್ ವಿವರಿಸಿದ್ದು ಇದನ್ನೇ. ಆ ಕಟ್ಟುವ ಕೆಲಸಕ್ಕೆ ತಿಂಗಳುಗಟ್ಟಲೆ ಬೇಕು. ಚರ್ಮ ಮೂರು ವಾರದಲ್ಲೇ ದಪ್ಪವಾಗುತ್ತದೆ. ದಪ್ಪ ಚರ್ಮ ನೋಡಿ ಮೂಳೆಯೂ ತಯಾರಾಯಿತು ಅಂದುಕೊಳ್ಳುವುದೇ ಇಲ್ಲಿನ ದೊಡ್ಡ ಮೋಸ.

ಎಡಗೈಯನ್ನು ಮರೆಯಬೇಡಿ. ಬಲಗೈಯವರು ಎಡಗೈಯಿಂದಲೇ ಶುರು ಮಾಡಿ.

*ನಿಲ್ಲಿಸಬೇಕಾದ ಸೂಚನೆಗಳು.* ಚರ್ಮ ಕೆಂಪಾಗುವುದು, ಸ್ವಲ್ಪ ಬಿಸಿ ಅನಿಸುವುದು ಸಹಜ. ಚರ್ಮ ಹರಿದರೆ ಪೂರ್ತಿ ಒಣಗುವವರೆಗೂ ಬಿಡಿ. ರಕ್ತ ತಾಗಿದ ಹುರಿಯನ್ನು ಇನ್ನೊಬ್ಬರು ಬಳಸಬಾರದು, ರಕ್ತದ ಮೂಲಕ ಕಾಯಿಲೆ ಹರಡುತ್ತದೆ. ಡೋಜೋದಲ್ಲಿ, ಅಂದರೆ ಕಲಿಯುವ ಜಾಗದಲ್ಲಿ, ಒಬ್ಬೊಬ್ಬರಿಗೂ ಅವರದೇ ಬಟ್ಟೆಯ ಹೊದಿಕೆ ಇರಲಿ. ಸಂಧಿಯೊಳಗೆ ಚುಚ್ಚಿದ ನೋವು, ಬೆಳಗ್ಗೆ ಬೆರಳು ಮಡಚಲು ಆಗದಿರುವುದು, ಮರಗಟ್ಟುವುದು, ಎರಡು ದಿನವಾದರೂ ಇಳಿಯದ ಊತ. ಇವುಗಳಲ್ಲಿ ಒಂದು ಇದ್ದರೂ ಡಾಕ್ಟರಿಗೆ ತೋರಿಸಿ, ಎಕ್ಸ್-ರೇ ಬೇಕಾಗಬಹುದು. 'ನೋವು ತಿಂದರೇ ಗಟ್ಟಿಯಾಗೋದು' ಎನ್ನುವ ಹಿರಿಯ ವಿದ್ಯಾರ್ಥಿಯ ಮಾತು ಕೇಳಬೇಡಿ. ಅಭ್ಯಾಸ ಮುಗಿದ ಮೇಲೆ ಕೈ ತೊಳೆದು, ಎಳ್ಳೆಣ್ಣೆ ಹಚ್ಚಿ ಒಂದೊಂದು ಬೆರಳನ್ನೂ ಬುಡದಿಂದ ತುದಿಗೆ ನೀವಿ. ಐದು ನಿಮಿಷ ಸಾಕು.

ಹಂತ 7: ಮುಷ್ಟಿ ಬಿಟ್ಟು ಉಳಿದ ಕೈ

ಹಳೆಯ ಕಾತಾಗಳನ್ನು ಗಮನವಿಟ್ಟು ನೋಡಿ. ಬಿಚ್ಚಿದ ಕೈ ಎಷ್ಟೊಂದಿದೆ! ಮಿಯಾಗಿ ಅವರು ಕಟ್ಟಿದ 'ತೆನ್ಶೊ' ಕಾತಾದಲ್ಲಿ ಕೈ ಬಹುಪಾಲು ತೆರೆದೇ ಇರುತ್ತದೆ. ಒಂದು ಹಳೆಯ ತಿಳಿವಳಿಕೆ ಇದೆ. ಗಟ್ಟಿ ಜಾಗಕ್ಕೆ ಮೆತ್ತನೆಯ ಕೈ, ಮೆತ್ತನೆಯ ಜಾಗಕ್ಕೆ ಗಟ್ಟಿ ಕೈ. ತಲೆಬುರುಡೆಗೆ ಮುಷ್ಟಿ ಹಾಕಿದರೆ ಮುಷ್ಟಿಯೇ ಸೋಲುತ್ತದೆ.

ಹಾಗಾಗಿ ಎರಡನೆಯದಾಗಿ ಕಲಿಯಬೇಕಾದದ್ದು 'ಶೋತೆಯ್', ಅಂಗೈಯ ಬುಡ. ಬೆರಳನ್ನು ಹಿಂದಕ್ಕೆ ಬಾಗಿಸಿ, ಮಣಿಕಟ್ಟಿನ ಹತ್ತಿರದ ದಪ್ಪ ಭಾಗದಿಂದ ಹೊಡೆಯುವುದು. ಹೊಸಬರು ಆತ್ಮರಕ್ಷಣೆಗೆ ಏನು ಕಲಿಯಬೇಕು ಎಂದು ಕೇಳಿದರೆ ನಾನು ಮುಷ್ಟಿಗಿಂತ ಮೊದಲು ಇದನ್ನೇ ಹೇಳುತ್ತೇನೆ. ಗೆಣ್ಣು ಮುರಿಯುವ ಭಯವಿಲ್ಲ. ಮಣಿಕಟ್ಟು ಮಡಚಿಕೊಳ್ಳುವ ಭಯವೂ ಕಡಿಮೆ.

'ತೆತ್ಸುಯಿ' ಸುತ್ತಿಗೆ ಮುಷ್ಟಿ. ಕಿರುಬೆರಳ ಕಡೆಯ ಮಾಂಸದ ಭಾಗದಿಂದ, ಬಾಗಿಲು ಬಡಿದ ಹಾಗೆ. 'ಉರಾಕೆನ್' ಮುಷ್ಟಿಯ ಹಿಂಬದಿ. ಇದರಲ್ಲೂ ತಾಗಬೇಕಾದದ್ದು ಅದೇ ಎರಡು ಗೆಣ್ಣು, ಕೈಯ ಬೆನ್ನಿನ ಸಣ್ಣ ಮೂಳೆಗಳಲ್ಲ. 'ಶುತೊ' ಕತ್ತಿಯಂಥ ಕೈ. ಸಿನಿಮಾ ನೋಡಿ ಜನ ಕಿರುಬೆರಳಿನಿಂದಲೇ ಹೊಡೆಯುತ್ತಾರೆ, ಬೆರಳು ಉಳುಕುತ್ತದೆ. ಕಿರುಬೆರಳ ಬುಡಕ್ಕೂ ಮಣಿಕಟ್ಟಿಗೂ ನಡುವಿನ ಮಾಂಸದ ಅಂಚು ತಾಗಬೇಕು. ಹೆಬ್ಬೆರಳನ್ನು ಮಡಚಿ ಒಳಗಿಟ್ಟುಕೊಳ್ಳಿ.

ಇನ್ನು 'ನುಕಿತೆ', ಈಟಿ ಕೈ. 'ಶೋಕೆನ್', ತೋರುಬೆರಳ ನಡುಗೆಣ್ಣನ್ನು ಮುಂದೆ ಚಾಚಿದ ಮುಷ್ಟಿ. 'ಬೋಶಿಕೆನ್', ಹೆಬ್ಬೆರಳಿನ ಗೆಣ್ಣು. ಉಎಚಿ ರ್ಯು ಪ್ರಸಿದ್ಧವಾದದ್ದೇ ಇವುಗಳಿಂದ. ಇವು ಕುತ್ತಿಗೆ, ಪಕ್ಕೆಲುಬಿನ ಸಂದು ಇಂಥ ಸಣ್ಣ ಜಾಗಗಳಿಗೆ. ಇವಕ್ಕೆ ಮಾಕಿವಾರ ಬೇಡ. ಪಾತ್ರೆಯಲ್ಲಿ ಹೆಸರುಕಾಳು ತುಂಬಿ ಬೆರಳನ್ನು ಮೆಲ್ಲಗೆ ಇಳಿಸಿ, ಒಳಗೆ ಹಿಡಿ ಕಟ್ಟಿ, ಬಿಡಿ. ಜಲ್ಲಿ, ಕಬ್ಬಿಣದ ಗುಂಡು ಇವುಗಳಿಗೆ ಬೆರಳು ಚುಚ್ಚುವುದನ್ನು ವಿಡಿಯೋದಲ್ಲಿ ನೋಡಿರುತ್ತೀರಿ. ಗುರುವಿನ ಕಣ್ಗಾವಲಿಲ್ಲದೆ ಅದರ ಹತ್ತಿರ ಹೋಗಬೇಡಿ. ಬೆರಳ ಸಂಧಿ ಒಂದು ಸಲ ಕೆಟ್ಟರೆ ಪೆನ್ನು ಹಿಡಿಯುವುದೂ ಕಷ್ಟ.

ಹಂತ 8: ಎದುರಿಗೆ ಮನುಷ್ಯ

ಮರ ಅಲುಗಾಡುವುದಿಲ್ಲ, ಮನುಷ್ಯ ಅಲುಗಾಡುತ್ತಾನೆ. ಗೋಜು ರ್ಯುವಿನಲ್ಲಿ ಇದಕ್ಕೆ 'ಕಾಕಿಯೆ' ಎಂಬ ಅಭ್ಯಾಸವಿದೆ. ಇಬ್ಬರೂ ಎದುರುಬದುರು ನಿಂತು ಮಣಿಕಟ್ಟಿಗೆ ಮಣಿಕಟ್ಟು ಆನಿಸಿ, ಒಬ್ಬರು ತಳ್ಳುತ್ತಾರೆ, ಇನ್ನೊಬ್ಬರು ಬಿಟ್ಟುಕೊಡುತ್ತಾ ಎಳೆದುಕೊಳ್ಳುತ್ತಾರೆ. ರಾಗಿ ಬೀಸುವ ಕಲ್ಲಿನ ಹಾಗೆ ನಿಧಾನ, ಬಿಡುವಿಲ್ಲದೆ. ಕೈಗೆ ಕೈ ಅಂಟಿಕೊಂಡೇ ಇರುವ ಈ ಗುಣವನ್ನು ಒಕಿನಾವಾದವರು 'ಮುಚಿಮಿ' ಅನ್ನುತ್ತಾರೆ. ಅಕ್ಕಿಯ ಅಂಟು ಹಿಟ್ಟಿನ ಹೋಲಿಕೆ ಅದು. ಎದುರಿನವರ ಬಲ ಎಲ್ಲಿ ಖಾಲಿಯಾಯಿತು ಎಂದು ಚರ್ಮದಿಂದಲೇ ತಿಳಿಯಲು ಶುರುವಾದಾಗ ಹೊಡೆತಕ್ಕೆ ಜಾಗ ತಾನಾಗಿ ಸಿಗುತ್ತದೆ.

ಜೊತೆಗಾರರ ಮೇಲೆ ಅಭ್ಯಾಸ ಮಾಡುವಾಗ ಎದೆ, ಹೊಟ್ಟೆಗೆ ಬಟ್ಟೆ ಮುಟ್ಟುವಷ್ಟು ಮಾತ್ರ. ಮುಖಕ್ಕೆ ಒಂದು ಗೇಣು ದೂರದಲ್ಲೇ ನಿಲ್ಲಿಸಿ. ಮಾಕಿವಾರಕ್ಕೆ ಹೊಡೆದ ಕೈ ನೀವು ಅಂದುಕೊಂಡಿದ್ದಕ್ಕಿಂತ ಭಾರವಾಗಿರುತ್ತದೆ. ಕನ್ನಡಕ, ಉಂಗುರ, ಬಳೆ, ವಾಚು ತೆಗೆದಿಡಿ.

ಮತ್ತೆ ಮತ್ತೆ ಬರುವ ಮೂರು ಪ್ರಶ್ನೆ

ಹೆಣ್ಣುಮಕ್ಕಳು ಮಾಕಿವಾರ ಮಾಡಬಹುದಾ? ಖಂಡಿತ ಮಾಡಬಹುದು. ಹಲಗೆಯ ತುದಿಯನ್ನು ನಿಮ್ಮ ತೂಕಕ್ಕೆ ಬಾಗುವಷ್ಟು ತೆಳು ಮಾಡಿಸಿಕೊಳ್ಳಿ. ಗೆಣ್ಣು ಉಬ್ಬುತ್ತದೆ ಎಂಬ ಹೆದರಿಕೆ ಬೇಡ. ಮಿತವಾಗಿ, ಸರಿಯಾಗಿ ಹೊಡೆದ ಕೈಯಲ್ಲಿ ಅಂಥದ್ದೇನೂ ಎದ್ದು ಕಾಣುವುದಿಲ್ಲ.

50 ದಾಟಿದ ಮೇಲೆ ಶುರು ಮಾಡಬಹುದಾ? 5ನೇ ಹಂತದವರೆಗೆ ಧೈರ್ಯವಾಗಿ ಮಾಡಿ. 6ರಲ್ಲಿ ತಳ್ಳುವ ಅಭ್ಯಾಸ ಸಾಕು. ಅದರಲ್ಲೇ ಕಲಿಯಲು ಬಹಳ ಇದೆ.

ಒಕಿನಾವಾಕ್ಕೇ ಹೋಗಿ ಕಲಿಯಬಹುದಾ? ಹೋಗಬಹುದು. ನಾಹಾದ ಪಕ್ಕದ ತೊಮಿಗುಸುಕುವಿನಲ್ಲಿ 2017ರಲ್ಲಿ ಒಕಿನಾವಾ ಕರಾಟೆ ಕೈಕಾನ್ ಶುರುವಾಗಿದೆ. ಡೋಜೋ, ಸಂಗ್ರಹಾಲಯ ಎರಡೂ ಅಲ್ಲಿವೆ. ಅಲ್ಲಿನ ಹಲವು ಡೋಜೋಗಳು ಗುರುಗಳ ಮನೆಗೆ ಸೇರಿಕೊಂಡೇ ಇರುವ ಚಿಕ್ಕ ಜಾಗಗಳು. ಹೇಳದೆ ಕೇಳದೆ ಹೋಗಿ ಬಾಗಿಲು ತಟ್ಟಬೇಡಿ. ನಿಮ್ಮ ಗುರುಗಳ ಮೂಲಕ ಮೊದಲೇ ಕೇಳಿ, ಒಪ್ಪಿಗೆ ಬಂದ ಮೇಲೆ ಹೊರಡಿ.

ಕೊನೆಗೆ ಕಂಬದ ವಿಷಯ. ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ಹುಲ್ಲಿನ ಹುರಿ ಬಿಚ್ಚಿ ಒಳಗಿಡಿ. ಒದ್ದೆ ಹುಲ್ಲಿಗೆ ಬೂಷ್ಟು ಬರುತ್ತದೆ, ಆ ಬೂಷ್ಟು ಗೆಣ್ಣಿನ ಸಣ್ಣ ಗಾಯಕ್ಕೆ ಸೇರಿದರೆ ಸೋಂಕಾಗಬಹುದು. ಹಲಗೆಗೆ ಎಣ್ಣೆ ಸವರಿ, ತುದಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ. ಬುಡದ ಮಣ್ಣು ಸಡಿಲಾಗಿದೆಯಾ ಎಂದು ಮಳೆ ನಿಂತ ಮೇಲೆ ಒಮ್ಮೆ ಅಲುಗಾಡಿಸಿ ನೋಡಿ. ದಮ್ಮಸು ಮಾಡಿ, ಹೊಸ ಹುಲ್ಲು ಸುತ್ತಿ, ಮತ್ತೆ 15ರಿಂದ ಶುರು ಮಾಡಿ.